ಲಕ್ಷಣ ಇಲ್ಲದಿದ್ದರೂ ಹರಡುತ್ತಾ?

ಪ್ರಶ್ನೆ: ರಕ್ತದಾನ ಮಾಡಿದಾಗ ನನಗೆ ಹೆಪಟೈಟಿಸ್ ಬಿ ಇರುವುದು ಗೊತ್ತಾಯಿತು. ಜ್ವರ, ಕಾಮಾಲೆ ಏನೂ ಇಲ್ಲ. ತಟ್ಟೆ, ಲೋಟ ಬೇರೆ ಮಾಡಿಕೊಂಡಿದ್ದೇನೆ. ಮಗಳನ್ನು ಎತ್ತಿಕೊಳ್ಳಲೂ ಭಯ ಡಾಕ್ಟ್ರೇ.

ಉತ್ತರ: ಮೊದಲು ಮಗಳನ್ನು ಎತ್ತಿಕೊಳ್ಳಿ. ಹೆಪಟೈಟಿಸ್ ಬಿ ಎಂದರೆ ಲಿವರ್‌ಗೆ ತಗಲುವ ವೈರಸ್ ಸೋಂಕು. ಅಪ್ಪುಗೆಯಿಂದ, ಒಂದೇ ತಟ್ಟೆಯ ಊಟದಿಂದ ಇದು ಹರಡುವುದಿಲ್ಲ. ಆದರೆ ರಕ್ತದಿಂದ, ಲೈಂಗಿಕ ಸಂಪರ್ಕದಿಂದ ಹರಡುತ್ತದೆ, ಲಕ್ಷಣ ಇಲ್ಲದಿದ್ದರೂ. ರಕ್ತದಲ್ಲಿ ವೈರಸ್ ಜಾಸ್ತಿ ಇದ್ದಷ್ಟೂ ಅಪಾಯ ಜಾಸ್ತಿ.

ನನ್ನ ಬಳಿ ಬಂದಿದ್ದ ಒಬ್ಬರು ನಿಮ್ಮಂತೆಯೇ ಲೋಟ ಬೇರೆ ಇಟ್ಟಿದ್ದರು. ರೇಜರ್ ಮಾತ್ರ ಅಣ್ಣತಮ್ಮಂದಿರಿಗೆಲ್ಲ ಒಂದೇ! ಒಣಗಿದ ರಕ್ತದಲ್ಲೂ ಈ ವೈರಸ್ 7 ದಿನ ಬದುಕಿರಬಲ್ಲದು. ರೇಜರ್, ಬ್ರಷ್, ನೇಲ್ ಕಟರ್ ನಿಮಗೇ ಬೇರೆ ಇರಲಿ. ಹೆಂಡತಿ, ಮಗಳಿಗೆ ಪರೀಕ್ಷೆ ಮಾಡಿಸಿ. ಸೋಂಕಿಲ್ಲದಿದ್ದರೆ, ಹಿಂದೆ ಲಸಿಕೆ ಆಗಿಲ್ಲದಿದ್ದರೆ, 3 ಡೋಸ್ ಹಾಕಿಸಿ. ಅದು ಮುಗಿಯುವವರೆಗೆ ಕಾಂಡೋಮ್ ಬಳಸಿ. ನೀವೂ ಲಿವರ್ ಪರೀಕ್ಷೆಯನ್ನು ಮುಂದೂಡಬೇಡಿ.