ಹಳೆಯ ಮಸಲ್ ಕಾರೊಂದು ನಿಜಕ್ಕೂ ಅಪರೂಪದ್ದು ಎಂದು ತಿಳಿಯುವುದು ಹೇಗೆ?

ಅಮೆರಿಕದಲ್ಲಿ ನೆಲೆಸಿರುವ ನೀವು, ಬಲವಾದ ಎಂಜಿನ್‌ಗೆ ಹೆಸರಾದ ಮಸಲ್ ಕಾರುಗಳ ಕಾಲದ 1970ರ ಫೋರ್ಡ್ ಮಸ್ಟಾಂಗ್ ಒಂದನ್ನು ಕೊಳ್ಳಲು ಹೊರಟಿದ್ದೀರಿ. ಈ ಬಣ್ಣ, ಈ ಒಳಾಂಗಣ, ಈ ಎಲ್ಲ ಹೆಚ್ಚುವರಿ ಸಲಕರಣೆಗಳು ಒಟ್ಟಿಗೆ ಇರುವ ಕಾರು ಇದೊಂದೇ ಎಂದು ಹೇಳಿ ಮಾರುವವರು ಬೆಲೆಯನ್ನು ಬಹಳವಾಗಿ ಏರಿಸಿದ್ದಾರೆ. ಅದನ್ನು ಅಪರೂಪದ ಕಾರು ಎಂದು ಒಪ್ಪಬಹುದೇ ಎಂದು ಕೇಳಿದ್ದೀರಿ. ಅವರು ಹೇಳಿದ ಸಂಖ್ಯೆ ನಿಜವೇ ಇರಬಹುದು, ಆದರೆ ಅಷ್ಟರಿಂದಲೇ ಕಾರು ಅಪರೂಪವಾಗುವುದಿಲ್ಲ ಎಂಬುದು ನನ್ನ ಉತ್ತರ. ಈ ಕಾಲದ ಕಾರುಗಳ ದಾಖಲೆಗಳನ್ನು ಬಹುಕಾಲದಿಂದ ಓದುತ್ತ ಬಂದಿರುವುದರಿಂದ, ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

1970ರ ಮಾದರಿಯ ಮಸ್ಟಾಂಗ್‌ಗಳು ಒಟ್ಟು 1,90,727 ತಯಾರಾದವು. ಅವುಗಳನ್ನು ಮೊದಲು ಎಂಜಿನ್‌ನ ಪ್ರಕಾರ, ಆಮೇಲೆ ಗೇರ್‌ಬಾಕ್ಸ್, ಬಣ್ಣ, ಸೀಟಿನ ಹೊದಿಕೆ, ರೇಡಿಯೋ, ಹಿಂದಿನ ಆಕ್ಸಲ್‌ನ ಅನುಪಾತ ಎಂದು ಒಂದೊಂದಾಗಿ ವಿಂಗಡಿಸುತ್ತ ಹೋದರೆ, ಹತ್ತು ಹೆಜ್ಜೆ ಮುಗಿಯುವುದರೊಳಗೆ ಅತ್ಯಂತ ಸಾಧಾರಣವಾದ ಕಾರು ಕೂಡ ತನ್ನ ಸಾಲಿನಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಆ ದಿನಗಳಲ್ಲಿ ಗ್ರಾಹಕರು ಉದ್ದವಾದ ಪಟ್ಟಿಯಿಂದ ತಮಗೆ ಬೇಕಾದುದನ್ನೆಲ್ಲ ಆರಿಸಿಕೊಂಡು ಕಾರಿಗೆ ಆರ್ಡರ್ ಕೊಡುತ್ತಿದ್ದುದರಿಂದ ಇದು ಸಹಜ. ಹೀಗೆ ಸೋಸಿ ತೆಗೆದ ಒಂಟಿತನವು ಲೆಕ್ಕದಿಂದ ಹುಟ್ಟಿದ್ದೇ ಹೊರತು ಕಾರಿನಿಂದ ಹುಟ್ಟಿದ್ದಲ್ಲ. ನಾನು ಕೇಳುವ ಮೊದಲ ಪ್ರಶ್ನೆ ಎಷ್ಟು ತಯಾರಾದವು ಎಂಬುದಲ್ಲ, ಏಕೆ ಅಷ್ಟೇ ತಯಾರಾದವು ಎಂಬುದು.

ಈ ಪ್ರಶ್ನೆಗೆ ಅತ್ಯುತ್ತಮ ಉತ್ತರ ಕೊಡುವ ಕಾರು 1969ರ ಷೆವರ್ಲೆ ಕಮಾರೋ ಝಡ್‌ಎಲ್1. ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರೊಂದನ್ನು ಬಿಟ್ಟು ಉಳಿದ ಸಣ್ಣ ಮತ್ತು ಮಧ್ಯಮ ಗಾತ್ರದ ಕಾರುಗಳಿಗೆ 400 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದೆಂದು ಷೆವರ್ಲೆಯ ಒಡೆತನದ ಕಂಪನಿಯಾದ ಜನರಲ್ ಮೋಟಾರ್ಸ್ ಆಗ ತನಗೆ ತಾನೇ ನಿಯಮ ಹಾಕಿಕೊಂಡಿತ್ತು. ಆದರೆ ಟ್ಯಾಕ್ಸಿ, ಪೊಲೀಸ್ ವಾಹನಗಳಂತಹ ವಿಶೇಷ ಬೇಡಿಕೆಗಳಿಗಾಗಿ ಕೇಂದ್ರ ಕಚೇರಿಯ ಮೂಲಕ ಆರ್ಡರ್ ಪಡೆಯುವ ಒಂದು ಪದ್ಧತಿಯಿತ್ತು. ಅದನ್ನೇ ಕೋಪೋ ಎಂದು ಚುಟುಕಾಗಿ ಕರೆಯುತ್ತಾರೆ. ಇಲಿನಾಯ್ ರಾಜ್ಯದ ಲಾ ಹಾರ್ಪ್ ಎಂಬ ಪುಟ್ಟ ಊರಿನ ಡೀಲರ್ ಫ್ರೆಡ್ ಗಿಬ್, ಡ್ರ್ಯಾಗ್ ರೇಸ್‌ನಲ್ಲಿ (ನೇರ ದಾರಿಯ ಗಿಡ್ಡ ಓಟದಲ್ಲಿ) ಓಡಿಸಲು ಬೇಕಾದ ಕನಿಷ್ಠ ಸಂಖ್ಯೆಯನ್ನು ತುಂಬಿಸುವುದಕ್ಕಾಗಿ, ಇದೇ ದಾರಿಯಲ್ಲಿ 50 ಕಾರುಗಳಿಗೆ ಆರ್ಡರ್ ಕೊಟ್ಟರು. ಅವುಗಳಲ್ಲಿದ್ದದ್ದು ಪೂರ್ತಿ ಅಲ್ಯೂಮಿನಿಯಂನಿಂದ ಎರಕ ಹೊಯ್ದ 427 ಘನ ಇಂಚಿನ ಎಂಜಿನ್. ಆ ಎಂಜಿನ್ನೊಂದಕ್ಕೇ 4,160 ಡಾಲರ್ ಬೆಲೆ ಕಟ್ಟಲಾಯಿತು. ಇಡೀ ವಿ8 (ಎಂಟು ಸಿಲಿಂಡರ್‌ನ) ಕಮಾರೋದ ಮೂಲ ಬೆಲೆ ಮೂರು ಸಾವಿರ ಡಾಲರ್ ಕೂಡ ಇರಲಿಲ್ಲ. ಏಳು ಸಾವಿರ ದಾಟಿದ ಕಾರನ್ನು ಕೊಳ್ಳುವವರು ಸಿಗದೆ, ಗಿಬ್ ತರಿಸಿದವುಗಳಲ್ಲಿ ಬಹುಪಾಲು ಕಾರುಗಳು ಕಂಪನಿಗೆ ಮರಳಿ, ಬೇರೆ ಡೀಲರ್‌ಗಳಿಗೆ ಹಂಚಿಹೋದವು. ಎಲ್ಲ ಸೇರಿ ತಯಾರಾದದ್ದು 69. ಅದೇ ವರ್ಷ ಅದೇ ಗಾತ್ರದ ಎರಕದ ಕಬ್ಬಿಣದ ಎಂಜಿನ್ ಹೊತ್ತ ಕೋಪೋ ಕಮಾರೋಗಳು ಸುಮಾರು ಸಾವಿರ ತಯಾರಾದವು. ಅವೂ ಬೆಲೆಬಾಳುವ ಕಾರುಗಳೇ, ಆದರೆ ಝಡ್‌ಎಲ್1ರ ಸಾಲಿಗೆ ಬರುವುದಿಲ್ಲ. ಇಲ್ಲಿ ವ್ಯತ್ಯಾಸ ಮಾಡಿದ್ದು ಬಣ್ಣವಲ್ಲ, ಲೋಹ. ಕಡಿಮೆ ತಯಾರಾಗಲು ಕಾರಣ ಅದರ ದುಬಾರಿತನ. ದುಬಾರಿಯಾಗಲು ಕಾರಣ ರೇಸ್‌ಗಾಗಿಯೇ ಮಾಡಿದ ಎಂಜಿನ್. ಈ ಮೂರು ಕೊಂಡಿಗಳೂ ಕೂಡಿದಾಗ ಮಾತ್ರ ನಾನು ಅಪರೂಪ ಎಂಬ ಮಾತನ್ನು ಮನಸ್ಸಿನಿಂದ ಬಳಸುತ್ತೇನೆ.

1971ರ ಪ್ಲಿಮತ್ ಹೆಮಿ ಕುಡಾ ಕನ್ವರ್ಟಿಬಲ್‌ನ (ಛಾವಣಿ ಮಡಚುವ ಬಗೆಯ ಕಾರಿನ) ಕಥೆಯಲ್ಲಿ ಕಾರಣಗಳು ಬೇರೆ. 426 ಘನ ಇಂಚಿನ ಹೆಮಿ ಎಂಜಿನ್ 425 ಅಶ್ವಶಕ್ತಿಯದೆಂದು ಕಂಪನಿ ಹೇಳುತ್ತಿತ್ತು. ಆದರೆ ವಿಮಾ ಕಂಪನಿಗಳು ಇಂತಹ ಕಾರುಗಳ ಮೇಲೆ, ಅದರಲ್ಲೂ ತರುಣ ಚಾಲಕರ ಮೇಲೆ, ಭಾರೀ ಕಂತು ಹೇರತೊಡಗಿದ್ದವು. ಹೊಗೆಯ ನಿಯಮಗಳು ಬಿಗಿಯಾಗುತ್ತಿದ್ದವು. ಛಾವಣಿ ಮಡಚುವ ಕಾರುಗಳ ಬೇಡಿಕೆಯೂ ಇಳಿಯುತ್ತಿತ್ತು. ಇವೆಲ್ಲ ಒಂದೇ ವರ್ಷದಲ್ಲಿ ಸೇರಿದ್ದರಿಂದ ಹೆಮಿಯ ಕೊನೆಯ ವರ್ಷದಲ್ಲಿ ಈ ಬಗೆಯ ಕಾರುಗಳು ಕೇವಲ 11 ತಯಾರಾದವೆಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. 2014ರಲ್ಲಿ ಸಿಯಾಟಲ್‌ನ ಮೀಕಂ ಹರಾಜಿನಲ್ಲಿ ಅವುಗಳಲ್ಲೊಂದಕ್ಕೆ 35 ಲಕ್ಷ ಡಾಲರ್ ಬಂತು. ಪಾಂಟಿಯಾಕ್ ಜಿಟಿಓ ಜಡ್ಜ್ ಕನ್ವರ್ಟಿಬಲ್ ಅದೇ 1971ರಲ್ಲಿ 17ಕ್ಕೆ ನಿಂತದ್ದೂ ಇದೇ ಹಿನ್ನೆಲೆಯಲ್ಲಿ. ಒಂದು ಯುಗ ಮುಗಿಯುತ್ತಿರುವಾಗ, ಕೊಳ್ಳುವವರು ಬಾಗಿಲು ಮುಚ್ಚಿಕೊಂಡ ಮೇಲೂ ಕಾರ್ಖಾನೆ ತಯಾರಿಸಿದ ಕೊನೆಯ ಕೆಲವು ಕಾರುಗಳು ಇವು. ಅವುಗಳ ಬಗ್ಗೆ ನನಗೆ ವಿಶೇಷವಾದ ಗೌರವವಿದೆ.

ರೇಸ್ ಸಂಸ್ಥೆಗಳ ನಿಯಮದಿಂದ ಹುಟ್ಟಿದ ಕಾರುಗಳ ಮಾತೂ ಹೇಳಬೇಕು. ಅಮೆರಿಕದ ಕಾರ್ ರೇಸ್ ಸಂಸ್ಥೆಯಾದ ನಾಸ್ಕಾರ್ ಕನಿಷ್ಠ 500 ಕಾರುಗಳನ್ನು ಕೇಳಿದ್ದರಿಂದ 1969ರ ಡಾಡ್ಜ್ ಚಾರ್ಜರ್ ಡೇಟೋನಾ 503 ತಯಾರಾಯಿತು; ಮರುವರ್ಷ ನಿಯಮ ಬದಲಾಗಿ ಡೀಲರ್‌ಗಳ ಸಂಖ್ಯೆಗೆ ತಕ್ಕಂತೆ ಮಾಡಬೇಕಾದುದರಿಂದ ಅದರ ಸೋದರ ಪ್ಲಿಮತ್ ಸೂಪರ್‌ಬರ್ಡ್ 1,900ಕ್ಕೂ ಹೆಚ್ಚಾಯಿತು. ಚೂಪು ಮೂತಿ, ಹಿಂದೆ ಎತ್ತರದ ರೆಕ್ಕೆ ಇದ್ದ ಸೂಪರ್‌ಬರ್ಡ್‌ಗಳು ಮಾರಾಟವಾಗದೆ ಅಂಗಳದಲ್ಲೇ ನಿಂತಿದ್ದಾಗ ಕೆಲವು ಡೀಲರ್‌ಗಳು ಅವುಗಳ ಮೂತಿ, ರೆಕ್ಕೆಗಳನ್ನು ತೆಗೆದು ಸಾಧಾರಣ ಪ್ಲಿಮತ್ ರೋಡ್ ರನ್ನರ್ ಕಾರುಗಳಾಗಿ ಮಾರಿದರು. ಡೇಟೋನಾದ 503ರಲ್ಲಿಯೂ ಹೆಮಿ ಎಂಜಿನ್ ಇದ್ದದ್ದು 70ರಲ್ಲಿ ಮಾತ್ರ.

ಇನ್ನು ಪುರಾವೆಯ ವಿಷಯ. ನನ್ನ ದೃಷ್ಟಿಯಲ್ಲಿ ಇದು ಸಂಖ್ಯೆಗಿಂತ ಮುಖ್ಯ, ಏಕೆಂದರೆ ಸಾಬೀತು ಮಾಡಲಾಗದ ಅಪರೂಪಕ್ಕೆ ಬೆಲೆ ಕೊಡುವುದು ಮಾತಿಗೆ ಬೆಲೆ ಕೊಟ್ಟಂತೆ. ಈ ವಿಷಯದಲ್ಲಿ ಎಲ್ಲ ಕಂಪನಿಗಳೂ ಸಮಾನವಲ್ಲ. ಪ್ಲಿಮತ್, ಡಾಡ್ಜ್‌ಗಳನ್ನು ತಯಾರಿಸಿದ ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ ವಾಹನದ ಗುರುತಿನ ಸಂಖ್ಯೆಯ ಐದನೆಯ ಅಕ್ಷರವೇ ಎಂಜಿನ್ ಯಾವುದೆಂದು ಹೇಳುತ್ತದೆ: ನಾನು ಮೇಲೆ ಹೇಳಿದ 1971ರ ಹೆಮಿ ಕುಡಾ ಕನ್ವರ್ಟಿಬಲ್‌ನ ಸಂಖ್ಯೆ ಬಿಎಸ್27ಆರ್1ಬಿ ಎಂದು ಆರಂಭವಾಗಲೇಬೇಕು, ಅದರಲ್ಲಿನ 27 ಕನ್ವರ್ಟಿಬಲ್ ಎಂದೂ, ಆರ್ ಹೆಮಿ ಎಂದೂ, 1 ವರ್ಷವೆಂದೂ, ಬಿ ಹ್ಯಾಮ್‌ಟ್ರಾಮ್ಕ್ ಕಾರ್ಖಾನೆ ಎಂದೂ ಸೂಚಿಸುತ್ತವೆ. ಷೆವರ್ಲೆಯಲ್ಲಿ ಈ ಅನುಕೂಲವಿಲ್ಲ. 1970ರ ಷೆವೆಲ್‌ನಲ್ಲಿ 450 ಅಶ್ವಶಕ್ತಿಯ ಎಲ್‌ಎಸ್6 ಎಂಜಿನ್ ಇದ್ದರೂ, ಮನೆಮಂದಿ ಓಡಾಡುವ ಸಾಧಾರಣ ಮಾಲಿಬು ವಿ8 ಆಗಿದ್ದರೂ ಸಂಖ್ಯೆಯ ಆರಂಭ ಒಂದೇ, 136. ಅಮೆರಿಕದಲ್ಲಿ ಮಾರಾಟವಾದ ಈ ಕಾರುಗಳ ಒಂದೊಂದರ ತಯಾರಿಕಾ ದಾಖಲೆಯೂ ಉಳಿದಿಲ್ಲ. ಕೆನಡಾದಲ್ಲಿ ಮಾರಾಟವಾದವುಗಳ ದಾಖಲೆಯನ್ನು ಮಾತ್ರ ಅಲ್ಲಿನ ಜನರಲ್ ಮೋಟಾರ್ಸ್ ಉಳಿಸಿಕೊಂಡಿದೆ. ಆದ್ದರಿಂದ ಎಲ್‌ಎಸ್6 ಒಟ್ಟು 4,475 ಎಂದು ಗೊತ್ತಿದ್ದರೂ ಅವುಗಳಲ್ಲಿ ಕನ್ವರ್ಟಿಬಲ್ ಎಷ್ಟು ಎಂದು ಯಾರಾದರೂ ಖಚಿತವಾಗಿ ಹೇಳಿದರೆ ಅದು ಅಂದಾಜು ಎಂದೇ ತಿಳಿಯಬೇಕು. ಇಂತಹ ಕಾರಿಗೆ ಆಧಾರವೆಂದರೆ ಜೋಡಣೆಯ ಸಾಲಿನಲ್ಲಿ ಕೆಲಸಗಾರರು ನೋಡಿಕೊಳ್ಳುತ್ತಿದ್ದ ಬಿಲ್ಡ್ ಶೀಟ್ ಎಂಬ ಕಾಗದ, ಮೊದಲ ಮಾರಾಟದ ಕಾಗದಪತ್ರ, ಹಿಂದಿನ ಮಾಲೀಕರ ಸರಪಳಿ. ಸೀಟಿನ ಸ್ಪ್ರಿಂಗ್‌ಗಳ ನಡುವೆಯೋ ಇಂಧನದ ಟ್ಯಾಂಕಿನ ಮೇಲೋ ಸಿಕ್ಕಿಕೊಂಡು ಉಳಿದ ಆ ಒಂದು ಹಾಳೆಯ ಮೇಲೆ ಕಾರಿನ ಬೆಲೆ ಎಷ್ಟೋ ಪಟ್ಟು ಏರಿಳಿಯುತ್ತದೆ.

ಎಂಜಿನ್‌ನ ಮೇಲೆ ಒತ್ತಿದ ಅಂಕಿಗಳನ್ನೂ ಕಣ್ಣುಮುಚ್ಚಿ ನಂಬಬಾರದು. ಬೇರೆ ಎಂಜಿನ್ ತಂದು, ಹಳೆಯ ಅಂಕಿಗಳನ್ನು ಉಜ್ಜಿ, ಬೇಕಾದ ಅಂಕಿಗಳನ್ನು ಹೊಸದಾಗಿ ಒತ್ತುವವರಿದ್ದಾರೆ. ಅಂಕಿಗಳನ್ನು ಒತ್ತುವ ಸಮತಲದ ಮೇಲೆ ಕಾರ್ಖಾನೆಯ ಯಂತ್ರ ಬಿಟ್ಟುಹೋಗುವ ನೇರವಾದ ಸಣ್ಣ ಗೆರೆಗಳು ಉಜ್ಜಿದಾಗ ಅಳಿಯುತ್ತವೆ. ಎಂಜಿನ್‌ನ ಎರಕದ ತಾರೀಖು ಕಾರು ಜೋಡಣೆಯಾದ ದಿನಕ್ಕಿಂತ ಮುಂಚಿನದಾಗಿರಬೇಕು, ಹೆಚ್ಚು ತಿಂಗಳ ಅಂತರವೂ ಇರಬಾರದು. ಇದನ್ನು ಓದಬಲ್ಲ ಕಣ್ಣು ಬೇಕು, ಅದಕ್ಕಾಗಿ ತಜ್ಞರಿಗೆ ಕೊಡುವ ಹಣ ವ್ಯರ್ಥವಲ್ಲ. 1969ರ ಕಮಾರೋ ಮತ್ತು ಅರವತ್ತರ ದಶಕದ ಮಸ್ಟಾಂಗ್‌ಗಳಿಗೆ ಈಗ ಇಡೀ ದೇಹವೇ ಹೊಸದಾಗಿ ತಯಾರಾಗಿ ಸಿಗುತ್ತದೆ ಎಂಬುದನ್ನೂ ನೆನಪಿಡಬೇಕು. ಆದ್ದರಿಂದಲೇ ಮೂಲ ತಗಡು, ಮೂಲ ಬಣ್ಣ, ತನ್ನದೇ ಎಂಜಿನ್ ಉಳಿಸಿಕೊಂಡು ಸ್ವಲ್ಪ ಸವೆದು ಕಾಣುವ ಕಾರನ್ನು ನಾನು ಹೊಳೆಯುವಂತೆ ಮರುನಿರ್ಮಿಸಿದ ಕಾರಿಗಿಂತ ಮೇಲೆ ಇಡುತ್ತೇನೆ. ತಯಾರಾದ ಸಂಖ್ಯೆ ಎಂದಿಗೂ ಬದಲಾಗುವುದಿಲ್ಲ. ಹೀಗೆ ಉಳಿದವುಗಳ ಸಂಖ್ಯೆ ಮಾತ್ರ ಇಳಿಯುತ್ತಲೇ ಇರುತ್ತದೆ.

ಈಗ ನಿಮ್ಮ ಮಸ್ಟಾಂಗ್‌ಗೆ ಬರೋಣ. ಫೋರ್ಡ್ ಕೊಳ್ಳುವವರ ಅದೃಷ್ಟವೆಂದರೆ 1967ರಿಂದೀಚಿನ ಕಾರುಗಳ ತಯಾರಿಕಾ ಮಾಹಿತಿ ಉಳಿದಿದ್ದು, ಕೆವಿನ್ ಮಾರ್ಟಿ ಅವರ ಸಂಸ್ಥೆ ಅದರ ಆಧಾರದಿಂದ ಒಂದೊಂದು ಕಾರಿನ ವರದಿಯನ್ನೂ ಕೊಡುತ್ತದೆ. ನಿಮಗೆ ಮಾರುವವರು ಹೇಳಿದ "ಇದೊಂದೇ" ಎಂಬ ಮಾತು ಬಹುಶಃ ಅಂತಹ ವರದಿಯ ಕೊನೆಯ ಸಾಲಿನಿಂದಲೇ ಬಂದಿರಬೇಕು. ನೀವು ಆ ಸಾಲನ್ನು ಬಿಟ್ಟು ಮೇಲಿನ ಸಾಲುಗಳನ್ನು ಓದಿ. ಗುರುತಿನ ಸಂಖ್ಯೆಯ ಐದನೆಯ ಅಕ್ಷರ ಎಫ್ ಆಗಿದ್ದರೆ 302, ಎಚ್ ಆಗಿದ್ದರೆ 351 ಘನ ಇಂಚಿನ ಸಾಮಾನ್ಯ ಎಂಜಿನ್. ಓಡಿಸಿ ಸಂತೋಷಪಡಲು ಬಹಳ ಒಳ್ಳೆಯ ಕಾರು, ಆದರೆ ಬಣ್ಣದ ಹೆಸರಿನಲ್ಲಿ ಹೆಚ್ಚು ಹಣ ಕೊಡಬೇಡಿ. ಆರ್ ಆಗಿದ್ದರೆ 428 ಕೋಬ್ರಾ ಜೆಟ್, ಅದೂ ಬಾನೆಟ್ಟಿನಿಂದ ನೇರವಾಗಿ ಗಾಳಿ ಎಳೆದುಕೊಳ್ಳುವ ಬಗೆ. ಆಗ ಎಂಜಿನ್ ಮತ್ತು ಗೇರ್‌ಬಾಕ್ಸ್‌ಗಳ ಮೇಲಿನ ಅಂಕಿಗಳು ಕಾರಿನ ಸಂಖ್ಯೆಯೊಂದಿಗೆ ಹೊಂದುತ್ತವೆಯೇ ಎಂದು ತಜ್ಞರಿಂದ ನೋಡಿಸಿ, ಹೊಂದಿದರೆ ಬೆಲೆಯ ಮಾತುಕತೆಗೆ ಅರ್ಥವಿದೆ. ಝಡ್ ಎಂದಿದ್ದರೆ ಅದು ಬಾಸ್ 429 ಆಗಿರಬೇಕು. ನಾಸ್ಕಾರ್‌ಗಾಗಿ ಮಾಡಿದ ಆ ದೊಡ್ಡ ಎಂಜಿನ್ ಹಿಡಿಸದೆ, ಮಿಷಿಗನ್‌ನ ಬ್ರೈಟನ್‌ನಲ್ಲಿ ಕಾರ್ ಕ್ರಾಫ್ಟ್ ಸಂಸ್ಥೆ ಮುಂಭಾಗವನ್ನೇ ಬದಲಿಸಿ ಕೂರಿಸಿದ ಆ ಕಾರುಗಳು 1970ರಲ್ಲಿ 499 ಮಾತ್ರ. ಬಾಗಿಲಿನ ಮೇಲೆ ಕೆಕೆ ಎಂದು ಆರಂಭವಾಗುವ ಅವರ ಕ್ರಮಸಂಖ್ಯೆಯ ಚೀಟಿ ಇದೆಯೇ, ಅದು ವರದಿಯೊಂದಿಗೆ ಹೊಂದುತ್ತದೆಯೇ ಎಂದು ನೋಡಿ. ಮಾರುವವರು ವರದಿಯನ್ನು ತೋರಿಸಲು ಹಿಂಜರಿದರೂ ಚಿಂತೆಯಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಗಾಜಿನ ಮೂಲಕವೇ ಕಾಣುವ ಆ ಸಂಖ್ಯೆಯನ್ನು ಬರೆದುಕೊಂಡು, ಮುಂಗಡ ಕೊಡುವ ಮೊದಲು ನೀವೇ ಅದನ್ನು ತರಿಸಿಕೊಳ್ಳಬಹುದು.