ಪ್ರತಿ: ವಿಮಾನದಿಂದ ಅಕ್ಕಿ ಮೂಟೆ ಬಿಸಾಡಿದರೆ ಒಡೆಯೋದಿಲ್ವಾ?

1944ರ ಬರ್ಮಾ ಯುದ್ಧದಲ್ಲಿ, ಅಂದರೆ ಎರಡನೇ ಮಹಾಯುದ್ಧದಲ್ಲಿ ಜಪಾನಿಯರ ವಿರುದ್ಧ ಹೋರಾಡುತ್ತಿದ್ದ ಬ್ರಿಟಿಷ್-ಭಾರತೀಯ ಸೇನೆಗೆ, ಪ್ಯಾರಾಚೂಟ್ ಇಲ್ಲದೆ ಅಕ್ಕಿ ಹೇಗೆ ಹಾಕಿದರು ಅಂತ ಕೇಳಿದ್ದೀರಿ. ಒಡೆಯುತ್ತಿತ್ತು, ಆದರೆ ಒಳಗಿನ ಚೀಲ ಮಾತ್ರ. ಅಕ್ಕಿಯನ್ನು ಒಂದು ಗೋಣಿಯಲ್ಲಿ ಸಡಿಲವಾಗಿ ತುಂಬಿ, ಅದನ್ನು ಇನ್ನೊಂದು ದೊಡ್ಡ ಗೋಣಿಯೊಳಗೆ ಇಡುತ್ತಿದ್ದರು. ಒಳಗಿನದು ಹರಿದರೂ ಹೊರಗಿನದು ಕಾಳನ್ನು ಹಿಡಿದುಕೊಳ್ಳುತ್ತಿತ್ತು. ನಮ್ಮ ಮಂಡಿಯಲ್ಲಿ ಮೂಟೆ ಎತ್ತಿ ಹಾಕುವವರಿಗೆ ಇದು ಥಟ್ಟನೆ ಅರ್ಥವಾಗುತ್ತೆ! ಕೆಳಗಿದ್ದವರ ತಲೆ ಮೇಲೆ ಬಿದ್ದರೆ ಮಾತ್ರ ಕಥೆ ಮುಗಿದಂತೆ.

ಮದ್ದುಗುಂಡಿಗೆ ಇದು ಆಗುವುದಿಲ್ಲ, ಅದಕ್ಕೆ ಪ್ಯಾರಾಚೂಟ್ ಬೇಕೇ ಬೇಕು. ರೇಷ್ಮೆಯದು ದುಬಾರಿ, ಸಾಕಷ್ಟು ಸಿಗುತ್ತಲೂ ಇರಲಿಲ್ಲ. ಆಗ ಈ ಸೇನೆಯ ದಂಡನಾಯಕ ಜನರಲ್ ಸ್ಲಿಮ್ ಕಲ್ಕತ್ತಾದ ಸೆಣಬಿನ ಗಿರಣಿಯವರನ್ನು ಹಿಡಿದು ಸೆಣಬಿನ ಪ್ಯಾರಾಚೂಟ್ ಮಾಡಿಸಿದರು, ಅದಕ್ಕೆ 'ಪ್ಯಾರಾಜೂಟ್' ಅಂತಲೇ ಹೆಸರು. ಮನುಷ್ಯರನ್ನು ಇಳಿಸೋಕೆ ಅಲ್ಲ, ಸಾಮಾನಿಗೆ ಸಾಕು.

ಡಕೋಟಾ ಎಂಬ ಅಮೆರಿಕನ್ ಸರಕು ವಿಮಾನದ ಬಾಗಿಲು ಕಳಚಿಟ್ಟು, ಒಳಗಿದ್ದವರು ಮೂಟೆಗಳನ್ನು ಕಾಲಿನಿಂದ ಒದ್ದು ತಳ್ಳುತ್ತಿದ್ದರು. ಒಂದೇ ಸುತ್ತಿಗೆ ಎಲ್ಲಾ ಖಾಲಿಯಾಗದ ಕಾರಣ, ಗುಡ್ಡಗಳ ನಡುವೆ ಮತ್ತೆ ಮತ್ತೆ ಸುತ್ತಬೇಕಿತ್ತು, ಅದೂ ಗುಂಡಿನ ದಾಳಿಯ ನಡುವೆ. ಜಪಾನಿಯರು ಮುತ್ತಿಗೆ ಹಾಕಿದ್ದ ಈಗಿನ ನಾಗಾಲ್ಯಾಂಡ್‌ನ ಕೊಹಿಮಾದಲ್ಲಿ ನಮ್ಮವರ ಜಾಗ ಎಷ್ಟು ಚಿಕ್ಕದಿತ್ತೆಂದರೆ ಕೆಲವು ಮೂಟೆ ಜಪಾನಿಯರ ಕಡೆಗೇ ಬಿದ್ದವು. ಮಣಿಪುರದ ಇಂಫಾಲದಲ್ಲಿ ಪರವಾಗಿಲ್ಲ, ರನ್‌ವೇಗಳು ಕೈಯಲ್ಲೇ ಇದ್ದವು, ವಿಮಾನ ಇಳಿದೇ ಸಾಮಾನು ಕೊಟ್ಟು ಗಾಯಾಳುಗಳನ್ನು ಹೊತ್ತು ಹೋಗುತ್ತಿತ್ತು.

ಅಂದಹಾಗೆ, ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲೂ ಆಗ ಅಮೆರಿಕನ್ ವಿಮಾನಗಳ ರಿಪೇರಿ ನಡೆಯುತ್ತಿತ್ತು.