ಜಾತ್ರೆಯಲ್ಲಿ ಕಲಿತದ್ದು ಮಗುವೋ, ತಾಯಿಯೋ?

ಓದುಗರ ಪತ್ರ: ನಾನು ಹೊಳಲ್ಕೆರೆಯವಳು. ಚಿತ್ರದುರ್ಗದಲ್ಲಿ ಬಿ.ಎ. ಓದುತ್ತಿದ್ದೇನೆ. ಮನಃಶಾಸ್ತ್ರದಲ್ಲಿ ವ್ಯಾಖ್ಯೆ ಕೇಳಿದರೆ ಚೆನ್ನಾಗಿ ಬರೆಯುತ್ತೇನೆ. ಸನ್ನಿವೇಶ ಕೊಟ್ಟು ‘ವಿವರಿಸಿ’ ಎಂದರೆ ಅಂಕ ಬರುವುದಿಲ್ಲ. ಈ ಸಲದ ಟೆಸ್ಟ್‌ನಲ್ಲಿ ಹೀಗೆ ಕೇಳಿದ್ದರು: ‘ಜಾತ್ರೆಯಲ್ಲಿ ಮಗು ಆಟಿಕೆಗಾಗಿ ಅಳುತ್ತದೆ. ತಾಯಿ ಕೊಡಿಸುತ್ತಾಳೆ. ಅಳು ನಿಲ್ಲುತ್ತದೆ. ಮುಂದಿನ ಸಲ ಮಗು ಬೇಗ ಅಳುತ್ತದೆ, ತಾಯಿಯೂ ಬೇಗ ಕೊಡಿಸುತ್ತಾಳೆ.’ ನಾನು ಮನಃಶಾಸ್ತ್ರಜ್ಞ ಸ್ಕಿನ್ನರ್ ಬಗ್ಗೆ ಎರಡು ಪುಟ ಬರೆದು, ಇದು ಋಣಾತ್ಮಕ ಪುನರ್ಬಲನ (ಕಿರಿಕಿರಿ ತಪ್ಪಿದ್ದರಿಂದ ವರ್ತನೆ ಹೆಚ್ಚುವುದು) ಎಂದು ಮುಗಿಸಿದೆ. ಹತ್ತಕ್ಕೆ ಮೂರು ಬಂತು. ಉತ್ತರದ ನಕಲು ಇಟ್ಟಿದ್ದೇನೆ. ಎಲ್ಲಿ ತಪ್ಪಿತು? ಹೆಸರು, ಇಸವಿ ಎಷ್ಟು ಬರೆಯಬೇಕು?

ಸಂಪಾದಕರ ಉತ್ತರ:

ಉತ್ತರದ ನಕಲು ಕಳಿಸಿದ್ದು ಒಳ್ಳೆಯದಾಯಿತು. ಪೂರ್ತಿ ಓದಿದೆ. ಸ್ಕಿನ್ನರ್ ಪ್ರಯೋಗದ ಪೆಟ್ಟಿಗೆ, ಇಲಿ, ಸನ್ನೆಕೋಲು ಒತ್ತಿದರೆ ಬೀಳುವ ಕಾಳು, ಎಲ್ಲವೂ ಸರಿಯಾಗಿದೆ. ಆದರೆ ಆ ಎರಡು ಪುಟದಲ್ಲಿ ಮಗು ಎಲ್ಲಿದೆ ಎಂದು ಹುಡುಕಿದೆ. ಕೊನೆಯ ಸಾಲಿನವರೆಗೂ ಸಿಗಲಿಲ್ಲ. ಪ್ರಶ್ನೆ ಕೇಳಿದ್ದು ಮಗು ಮತ್ತು ತಾಯಿಯ ಬಗ್ಗೆ, ಅಲ್ವಾ?

ಇಂಥ ಪ್ರಶ್ನೆ ಬಂದಾಗ ಪರಿಕಲ್ಪನೆಯ ಹೆಸರು ತಕ್ಷಣ ಹುಡುಕಬೇಡಿ. ಮೊದಲು ಒಂದೇ ಮಾತು ಕೇಳಿಕೊಳ್ಳಿ: ಯಾರ ವರ್ತನೆ? ಆಮೇಲೆ, ಆ ವರ್ತನೆಯ ಹಿಂದೆಯೇ ಏನಾಯಿತು, ಮುಂದಿನ ಸಲ ಅದು ಹೆಚ್ಚಿತೋ ಕಡಿಮೆಯಾಯಿತೋ ನೋಡಿ. ಇಷ್ಟು ಸಿಕ್ಕರೆ ಹೆಸರು ತಾನಾಗಿ ಬರುತ್ತದೆ.

ನಾಯಕನಹಟ್ಟಿ ಜಾತ್ರೆಯೆಂದೇ ಇಟ್ಟುಕೊಳ್ಳಿ. ಮಗುವಿನ ವರ್ತನೆ ಅಳು. ಅತ್ತ ಮೇಲೆ ಪೀಪಿ ಸಿಕ್ಕಿತು. ಹೊಸದಾಗಿ ಏನೋ ಬಂತು, ಅಳು ಮುಂದಿನ ಸಲ ಹೆಚ್ಚಿತು. ಇದು ಧನಾತ್ಮಕ ಪುನರ್ಬಲನ. ಈಗ ತಾಯಿಯನ್ನು ನೋಡಿ. ಅವಳ ವರ್ತನೆ ಕೊಡಿಸುವುದು. ಕೊಡಿಸಿದ ಮೇಲೆ ಕಿವಿ ಕೊರೆಯುವ ಅಳು ನಿಂತಿತು. ಇದ್ದ ಕಿರಿಕಿರಿ ಹೋಯಿತು, ಕೊಡಿಸುವುದು ಮುಂದಿನ ಸಲ ಹೆಚ್ಚಿತು. ಇದು ಋಣಾತ್ಮಕ ಪುನರ್ಬಲನ. ಒಂದೇ ಘಟನೆ, ಕಲಿತವರು ಇಬ್ಬರು, ಕಲಿತ ಬಗೆ ಎರಡು. ಮಗು ತಾಯಿಗೆ ಕಲಿಸಿತು, ತಾಯಿ ಮಗುವಿಗೆ ಕಲಿಸಿದಳು. ನೀವು ಬರೆದ ಹೆಸರು ತಾಯಿಗೆ ಸರಿ, ಆದರೆ ಅದನ್ನು ಮಗುವಿಗೆ ಅಂಟಿಸಿದ್ದೀರಿ. ಪ್ರಶ್ನೆಯ ಕೊನೆಯಲ್ಲಿ ‘ತಾಯಿಯೂ ಬೇಗ ಕೊಡಿಸುತ್ತಾಳೆ’ ಎಂದು ಸುಮ್ನೆ ಸೇರಿಸಿರಲಿಲ್ಲ. ಆ ಒಂದು ಮಾತಿನಲ್ಲೇ ಅರ್ಧ ಅಂಕಗಳಿದ್ದವು.

ಋಣಾತ್ಮಕ ಪುನರ್ಬಲನವೂ ಶಿಕ್ಷೆಯೂ ಒಂದೇ ಎಂದು ಬರೆಯುವವರು ತುಂಬಾ ಜನ. ಪುನರ್ಬಲನ ಯಾವುದೇ ಆಗಲಿ, ವರ್ತನೆಯನ್ನು ಹೆಚ್ಚಿಸುತ್ತದೆ. ಶಿಕ್ಷೆ ಕಡಿಮೆ ಮಾಡುತ್ತದೆ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದು ದಂಡ ಕಟ್ಟಿದವರು ಆಮೇಲೆ ಬರಿತಲೆಯಲ್ಲಿ ಹೋಗುವುದನ್ನು ಕಡಿಮೆ ಮಾಡಿದರೆ, ಬರಿತಲೆಯ ಸವಾರಿಗೆ ಅದು ಶಿಕ್ಷೆ. ದಂಡ ತಪ್ಪುತ್ತದೆ ಎಂದು ದಿನಾ ಹೆಲ್ಮೆಟ್ ಹಾಕತೊಡಗಿದರೆ, ಹೆಲ್ಮೆಟ್ ಹಾಕುವುದಕ್ಕೆ ಋಣಾತ್ಮಕ ಪುನರ್ಬಲನ. ದಂಡ ಒಂದೇ. ನೀವು ಯಾವ ವರ್ತನೆಯ ಮೇಲೆ ಬೆರಳಿಟ್ಟಿದ್ದೀರಿ ಎಂಬುದರ ಮೇಲೆ ಉತ್ತರ ನಿಲ್ಲುತ್ತದೆ. ಆ ವರ್ತನೆಯನ್ನು ಉತ್ತರದ ಮೊದಲ ಸಾಲಿನಲ್ಲೇ ಬರೆದುಬಿಡಿ.

ನಿಮ್ಮ ಕಾಲೇಜಿನ ಊರಿನಲ್ಲೇ ಇದನ್ನು ಅಭ್ಯಾಸ ಮಾಡಬಹುದು. ಕಲ್ಲಿನ ಕೋಟೆಯ ಕೋತಿಗಳನ್ನು ನೋಡಿದ್ದೀರಲ್ಲ. ಕವರ್ ಹಿಡಿದವರ ಮೇಲೆ ಹಾರುತ್ತವೆ. ಪ್ರವಾಸಿ ಹೆದರಿ ಕವರ್ ಬಿಡುತ್ತಾರೆ. ಕೋತಿಗೆ ಬಾಳೆಹಣ್ಣು ಸಿಗುತ್ತದೆ, ಪ್ರವಾಸಿಗೆ ಭಯ ಹೋಗುತ್ತದೆ. ತಾಯಿ-ಮಗುವಿನ ಪ್ರಶ್ನೆಯೇ ಇಲ್ಲಿ ವೇಷ ಬದಲಿಸಿ ನಿಂತಿದೆ. ಇನ್ನೂ ಒಂದು ವಿಷಯ ಇದರಲ್ಲಿದೆ. ಪ್ರತಿ ಕವರ್‌ನಲ್ಲೂ ತಿಂಡಿ ಇರುವುದಿಲ್ಲ. ಕೆಲವು ಸಲ ಸಿಗುತ್ತದೆ, ಕೆಲವು ಸಲ ಇಲ್ಲ, ಯಾವಾಗ ಎಂದು ಗೊತ್ತಿಲ್ಲ. ಹೀಗೆ ಆಗೊಮ್ಮೆ ಈಗೊಮ್ಮೆ ಸಿಕ್ಕಿ ಕಲಿತ ವರ್ತನೆ ಪ್ರತಿ ಸಲ ಸಿಕ್ಕಿ ಕಲಿತದ್ದಕ್ಕಿಂತ ನಿಧಾನವಾಗಿ ಅಳಿಯುತ್ತದೆ. ನಾಲ್ಕು ಸಲ ಗಟ್ಟಿಯಾಗಿ ‘ಇಲ್ಲ’ ಎಂದು ಐದನೇ ಸಲ ಸೋಲುವ ತಾಯಿಯ ಮಗು ಯಾಕೆ ಜಾಸ್ತಿ ಹೊತ್ತು ಅಳುತ್ತದೆ ಎಂಬುದಕ್ಕೂ ಇದೇ ಕಾರಣ. ಇದನ್ನೊಂದು ಸಾಲು ಸೇರಿಸಿದ್ದರೆ ಪರೀಕ್ಷಕರು ಖುಷಿಪಡುತ್ತಿದ್ದರು.

ನಿಮ್ಮ ನಕಲಿನ ಇನ್ನೊಂದು ಉತ್ತರ ನನಗೆ ಇದಕ್ಕಿಂತ ಹೆಚ್ಚು ಬೇಸರ ತಂದಿತು. ತುಂಬಿದ ಬಸ್ ನಿಲ್ದಾಣದಲ್ಲಿ ಒಬ್ಬರು ಕುಸಿದು ಬೀಳುತ್ತಾರೆ, ಯಾರೂ ಮುಂದೆ ಬರುವುದಿಲ್ಲ, ಯಾಕೆ ಎಂಬ ಪ್ರಶ್ನೆ. ‘ಇಂದು ಜನರಲ್ಲಿ ಮಾನವೀಯತೆ ಸತ್ತಿದೆ’ ಎಂದು ಶುರು ಮಾಡಿದ್ದೀರಿ. ಓದಲು ಚೆನ್ನಾಗಿದೆ, ಭಾಷಣಕ್ಕೆ ಸರಿ. ಮನಃಶಾಸ್ತ್ರ ಹೇಳುವುದು ಬೇರೆ. 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ನ್ಯೂಯಾರ್ಕ್‌ನಲ್ಲಿ ಮಾಡಿದ ಒಂದು ಪ್ರಯೋಗದ ಫಲ ಪ್ರಕಟಿಸಿದರು. ವಿದ್ಯಾರ್ಥಿಗಳು ಬೇರೆ ಬೇರೆ ಕೋಣೆಯಲ್ಲಿ ಕೂತು ಇಂಟರ್‌ಕಾಮ್‌ನಲ್ಲಿ ಮಾತಾಡುತ್ತಾರೆ. ಅವರಲ್ಲೊಬ್ಬನಿಗೆ ಮೂರ್ಛೆ ಬಂದಂತೆ ಕೇಳಿಸುತ್ತದೆ. ಕೇಳಿಸಿಕೊಂಡದ್ದು ತಾನೊಬ್ಬನೇ ಎಂದು ತಿಳಿದವರಲ್ಲಿ ಶೇ. 85 ಮಂದಿ ಆ ಧ್ವನಿ ನಿಲ್ಲುವ ಮೊದಲೇ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ತಿಳಿದವರಲ್ಲಿ ಶೇ. 31 ಮಂದಿ ಮಾತ್ರ. ಒಂದೇ ಕಾಲೇಜಿನ ಮಕ್ಕಳು. ಅವರ ಮನಸ್ಸು ಕಲ್ಲಾಗಿರಲಿಲ್ಲ. ಜವಾಬ್ದಾರಿ ಹಂಚಿಹೋಗಿತ್ತು, ಅಷ್ಟೇ. ‘ಬೇರೆ ಯಾರಾದರೂ ಹೋಗಿರುತ್ತಾರೆ’ ಎಂದು ಹಲವರಿಗೆ ಅನಿಸಿರಬೇಕು.

ಇನ್ನೊಂದು ಮುಖ್ಯವಾದ ವಿಷಯ ಇಲ್ಲಿದೆ. ಸನ್ನಿವೇಶದ ಒತ್ತಡ ನೋಡದೆ ಎಲ್ಲವನ್ನೂ ಜನರ ಗುಣದ ಮೇಲೆ ಹಾಕುವ ನಮ್ಮ ಅಭ್ಯಾಸಕ್ಕೂ ಮನಃಶಾಸ್ತ್ರದಲ್ಲಿ ಹೆಸರಿದೆ: ಮೂಲಭೂತ ಆರೋಪಣಾ ದೋಷ. 1977ರಲ್ಲಿ ಲೀ ರಾಸ್ ಕೊಟ್ಟ ಹೆಸರು. ನಿಮ್ಮ ಮೊದಲ ವಾಕ್ಯವೇ ಅದಕ್ಕೆ ಉದಾಹರಣೆಯಾಗಿದೆ. ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ನಾವೆಲ್ಲ ಬೆಳೆದ ಕಟ್ಟೆ ಹರಟೆಯಲ್ಲಿ ‘ಅವನು ಸೋಮಾರಿ, ಇವಳು ಜಗಳಗಂಟಿ’ ಎಂದೇ ಕಾರಣ ಹೇಳುವುದು. ಉತ್ತರ ಪತ್ರಿಕೆಯಲ್ಲಿ ಆ ಮಾತು ಬರೆಯಬೇಕು ಅನಿಸಿದಾಗ ಪೆನ್ ಒಂದು ಕ್ಷಣ ಎತ್ತಿ. ಅಲ್ಲಿ ಎಷ್ಟು ಜನ ಇದ್ದರು, ಅವರಿಗೆ ಏನು ಕಾಣುತ್ತಿತ್ತು, ಅವಸರವಿತ್ತೇ ಎಂದು ಪ್ರಶ್ನೆಯನ್ನು ಮತ್ತೆ ಓದಿ. ಸುಳಿವು ಅಲ್ಲೇ ಇರುತ್ತದೆ.

ಶಾಸ್ತ್ರೀಯ ಅನುಬಂಧನಕ್ಕೆ, ಅಂದರೆ ಎರಡು ಸಂಗತಿಗಳು ಒಟ್ಟಿಗೆ ಬಂದು ಬೆಸೆದುಕೊಳ್ಳುವ ಕಲಿಕೆಗೆ, ಎಲ್ಲರೂ ಊಟದ ಸೂಚನೆ ಸಿಕ್ಕರೇ ಜೊಲ್ಲು ಸುರಿಸುವ ಪಾವ್ಲೋವ್ ನಾಯಿ ಬರೆಯುತ್ತಾರೆ. ನಮ್ಮ ಕಡೆಯದೇ ಒಂದು ಕೊಡಿ. ಮಂಡಕ್ಕಿ ಮಿರ್ಚಿ ತಿಂದು ಬಸ್ ಹತ್ತಿದಿರಿ. ಕುಲುಕಾಟಕ್ಕೆ ವಾಂತಿಯಾಯಿತು. ಆಮೇಲೆ ತಿಂಗಳುಗಟ್ಟಲೆ ಮಿರ್ಚಿ ವಾಸನೆ ಬಂದರೂ ಹೊಟ್ಟೆ ತೊಳಸುತ್ತದೆ. ಕುಲುಕಾಟ ಅನನುಬಂಧಿತ ಉದ್ದೀಪನ (ಕಲಿಯದೆಯೇ ಪರಿಣಾಮ ಬೀರುವುದು), ಮಿರ್ಚಿ ಅನುಬಂಧಿತ ಉದ್ದೀಪನ (ಕಲಿತ ಮೇಲಷ್ಟೇ ಪರಿಣಾಮ ಬೀರುವುದು). ಮಿರ್ಚಿಯದೇನೂ ತಪ್ಪಿರಲಿಲ್ಲ ಎಂದು ನಿಮಗೆ ಗೊತ್ತಿದ್ದರೂ ಹೊಟ್ಟೆ ಕೇಳುವುದಿಲ್ಲ. ತಿಂದು ಎಷ್ಟೋ ಹೊತ್ತಾದ ಮೇಲೆ ಕಾಯಿಲೆ ಬಂದರೂ ಇಂಥ ಕಲಿಕೆ ಆಗುತ್ತದೆ ಎಂದು ಜಾನ್ ಗಾರ್ಸಿಯಾ ಇಲಿಗಳಲ್ಲಿ ತೋರಿಸಿದರು.

ಹೆಸರು, ಇಸವಿಯ ಬಗ್ಗೆ. ಹೆಸರು ಬರೆದರೆ ಅವರು ಮಾಡಿದ್ದೇನು, ಅದು ಈ ಸನ್ನಿವೇಶಕ್ಕೆ ಹೇಗೆ ಹೊಂದುತ್ತದೆ ಎಂಬುದನ್ನೂ ಬರೆಯಿರಿ. ಬರೀ ಹೆಸರಿಗೆ ಬೆಲೆ ಕಡಿಮೆ. ಇಸವಿ ನೆನಪಾಗದಿದ್ದರೆ ಬಿಟ್ಟುಬಿಡಿ, ಊಹಿಸಬೇಡಿ. ಪಾವ್ಲೋವ್‌ಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ನೀವು ಅದನ್ನು ಅನುಬಂಧನಕ್ಕೆ ಬಂತು ಎಂದು ಬರೆದಿದ್ದೀರಿ. ತಿದ್ದಿಕೊಳ್ಳಿ. ವ್ಯಾಖ್ಯೆಗೆ ಮೂರ್ನಾಲ್ಕು ಸಾಲು ಸಾಕು, ಉಳಿದ ಜಾಗವೆಲ್ಲ ಸನ್ನಿವೇಶಕ್ಕೆ ಇರಲಿ.

ಕೋಟೆಯ ಕೋತಿಗಳ ಪ್ರಶ್ನೆಗೆ ಒಂದೇ ಪುಟದಲ್ಲಿ ಉತ್ತರ ಬರೆದು ನನಗೆ ಕಳಿಸಿ. ಕೋತಿಗೆ ಒಂದು ಪ್ಯಾರಾ, ಪ್ರವಾಸಿಗೆ ಒಂದು ಪ್ಯಾರಾ. ತಿದ್ದಿ ವಾಪಸ್ ಕಳಿಸುತ್ತೇನೆ.